ಅರ್ಜಿದಾರಳು ಸಿದ್ದಕ್ಕ

ಫೊಯರ್‌ಬಾಕ್, ಸ್ಟುಟ್‌ಗಾರ್ಟ್
೯ ಫೆಬ್ರವರಿ ೨೦೨೫

ತಮ್ಮಾ ಮಹೇಶ,

ನಾವೆಲ್ಲ ಆರಾಮ ಇದ್ದೇವೆ ಎಂದು ಮೊದಲ ಸಾಲು ಬರೆಯುವುದು ನಮ್ಮ ಮನೆಯ ರೂಢಿ. ಈ ಸಲ ಅದಕ್ಕೆ ಕೈ ಬರುತ್ತಿಲ್ಲ. ನೀನು ಬದುಕಿದ್ದೀ ಎಂದು ಎಂಬಸಿಯವರು ಫೋನ್ ಮಾಡಿ ಹೇಳಿದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ. ತಿಂಗಳಿಗೆ ಒಂದು ಪತ್ರ ಬರೆಯಬಹುದು, ಮಾತೃಭಾಷೆಯಲ್ಲೇ ಬರೆಯಬಹುದು, ಲಕೋಟೆ ಮಾತ್ರ ಅಂಟಿಸಬಾರದು ಅಂದರು. ಕನ್ನಡ ಬಲ್ಲವರು ಯಾರನ್ನೋ ಆ ಸೈನ್ಯದವರು ಹುಡುಕಿ ಇಟ್ಟುಕೊಂಡಿದ್ದಾರಂತೆ. ದೇಶದ ಹೆಸರು, ಊರಿನ ಹೆಸರು ಬರೆದರೆ ಮಸಿ ಬಳಿಯುತ್ತಾರಂತೆ. ಇದನ್ನು ಓದುತ್ತಿರುವ ಪುಣ್ಯಾತ್ಮರಿಗೂ ನನ್ನ ನಮಸ್ಕಾರ. ನೀವೂ ಯಾರಿಗೋ ತಮ್ಮನೋ ತಂಗಿಯೋ ಆಗಿರಬೇಕು.

ನಮಗೆ ಗೊತ್ತಾಗಿರುವುದು ಇಷ್ಟೇ. ನೀರಿನ ಪಂಪ್ ಸ್ಟೇಷನ್ ಚಾಲೂ ಮಾಡಿಕೊಡಲು ಇಲ್ಲಿಯ ಕಂಪನಿ ನಿನ್ನನ್ನು ಅಲ್ಲಿಗೆ ಕಳಿಸಿತು. ನೀನು ಅಲ್ಲಿರುವಾಗಲೇ ಯುದ್ಧ ಶುರುವಾಯಿತು, ವಿಮಾನಗಳು ನಿಂತವು. ಡ್ರೈವರ್ ಯೂನುಸ್ ನಿನ್ನನ್ನು ಗಡಿ ದಾಟಿಸಲು ಕಾರಿನಲ್ಲಿ ಕರೆದುಕೊಂಡು ಹೊರಟಾಗ ಚೆಕ್‌ಪೋಸ್ಟಿನಲ್ಲಿ ಇಬ್ಬರನ್ನೂ ಹಿಡಿದರು. ನೀನು ಗೂಢಚಾರ ಅಂದರು. ಕೊರಳಲ್ಲಿದ್ದ ಲಿಂಗದ ಕರಡಿಗೆ ನೋಡಿ ಸುದ್ದಿ ಕಳಿಸುವ ಯಂತ್ರ ಅಂದರಂತೆ. ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ.

ಅಲ್ಲಿ ಸಲ್ಮಾ ಎಂಬ ವಕೀಲರು ಸಿಕ್ಕಿದ್ದಾರೆ. ಅವರು ಹೇಳುವುದು ನನ್ನಂಥವಳಿಗೂ ಅರ್ಥವಾಗುತ್ತದೆ. ಸಿಪಾಯಿಗಳನ್ನು ಸಿಪಾಯಿಗಳ ಕೋರ್ಟು ವಿಚಾರಿಸಲಿ. ಮಾಮೂಲಿ ಕೋರ್ಟುಗಳು ಬಾಗಿಲು ತೆರೆದು ಕೂತಿರುವಾಗ ಸಿಪಾಯಿಯಲ್ಲದವರನ್ನು ಸೇನಾ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ, ಯುದ್ಧವಿದ್ದರೂ ಎಳೆಯುವಂತಿಲ್ಲ. ಇದನ್ನೇ ಅಲ್ಲಿಯ ಹೈಕೋರ್ಟಿನಲ್ಲಿ ಕೇಳಬೇಕು. ಆದರೆ ಅಲ್ಲಿಯ ಪ್ರಜೆಗಳು ಹಾಗೆ ಕೇಳುವ ಹಕ್ಕನ್ನೇ ಯುದ್ಧದ ಕಾಯಿದೆ ಕಿತ್ತುಕೊಂಡಿದೆ. ಸೆರೆಸಿಕ್ಕವನು ಪರದೇಶಿಯಾಗಿದ್ದರೆ ಅವನ ರಕ್ತಸಂಬಂಧಿ ಕೇಳಬಹುದು. ಅಪ್ಪ ಅವ್ವ ಇಲ್ಲದ ನಿನಗೆ ಇರುವವಳು ನಾನೊಬ್ಬಳು. ಹಾಗಾಗಿ ಅರ್ಜಿದಾರಳು ನಾನು.

ಇನ್ನೊಂದು ಮಾತು. ಲಿಂಗ ಕೊರಳಲ್ಲಿಲ್ಲ ಅಂತ ನೀನು ಅನ್ನ ನೀರು ಬಿಟ್ಟಿದ್ದೀ ಎಂದು ಎಂಬಸಿಯವರು ಹೇಳಿದರು. ಎಡಗೈ ಬಿಚ್ಚಿ ಅಂಗೈ ನೋಡಿಕೋ, ಲಿಂಗ ಅಲ್ಲೇ ಇದೆ ಅಂದುಕೋ, ಆಮೇಲೆ ಉಣ್ಣು. ಸ್ವಾಮಿಗಳು ಕೇಳಿದರೆ ಸಿದ್ದಕ್ಕ ಹೇಳಿದಳು ಅಂತ ಹೇಳು. ನಿನ್ನ ಹಠ ನನಗೆ ಗೊತ್ತು, ನನ್ನ ಹಠವೂ ನಿನಗೆ ಗೊತ್ತು.

ನಿನ್ನ ಅಕ್ಕ,
ಸಿದ್ದಕ್ಕ


ಸೇನಾ ಬಂದೀಖಾನೆ
೧೬ ಮಾರ್ಚ್ ೨೦೨೫

ಅಕ್ಕಾ,

ನಿನ್ನ ಪತ್ರ ಮುಟ್ಟಿತು. ಓದುವವರಿಗೆ ನೀನು ಹೇಳಿದ ನಮಸ್ಕಾರಕ್ಕೆ ಮಸಿ ಬಳಿದಿಲ್ಲ. ನಾನು ಉಣ್ಣುತ್ತಿದ್ದೇನೆ, ನೀನು ಹೇಳಿದ ಹಾಗೇ.

ವಿಚಾರಣೆ ಮುಗಿಯಿತು. ಮುಂಜಾನೆ ಶುರುವಾದದ್ದು ಊಟದ ಹೊತ್ತಿಗೆ ಮುಗಿಯಿತು. ಮೂವರು ಸೇನಾಧಿಕಾರಿಗಳು ನ್ಯಾಯಾಧೀಶರು. ನನ್ನ ಪರವಾಗಿ ಮಾತಾಡಬೇಕಾದವನೂ ಯೂನಿಫಾರ್ಮಿನಲ್ಲೇ ಇದ್ದ, ನನ್ನ ಹೆಸರನ್ನು ಒಂದೊಂದು ಸಲ ಒಂದೊಂದು ರೀತಿ ಹೇಳಿದ. ಪಂಪಿನ ನೇಮ್‌ಪ್ಲೇಟು, ಮೀಟರು ಇವುಗಳ ಫೋಟೋ ತೆಗೆದು ದಿನಾ ಸಂಜೆ ಆಫೀಸಿಗೆ ಕಳಿಸುವುದು ನಮ್ಮ ಕೆಲಸದ ಪದ್ಧತಿ ಎಂದು ಹೇಳಿದೆ. ಬರೆದುಕೊಂಡರು. ಕರಡಿಗೆಯನ್ನು ಒಡೆದು ಮೇಜಿನ ಮೇಲೆ ಇಟ್ಟಿದ್ದರು. ಲಿಂಗದ ಮೇಲಿನ ಕಪ್ಪು ಲೇಪ, ಕಂತಿ, ಅದನ್ನು ಕೆರೆದು ಲ್ಯಾಬಿಗೆ ಕಳಿಸಿದ್ದರು. ಕಪ್ಪು ವಸ್ತು, ಉಪಯೋಗ ತಿಳಿದುಬಂದಿಲ್ಲ ಎಂದು ರಿಪೋರ್ಟು ಬಂದಿತ್ತು. ಉಪಯೋಗವನ್ನು ನಾನು ಹೇಳಿದೆ. ಅಂಗೈಯಲ್ಲಿಟ್ಟುಕೊಂಡು ದಿನಾ ನೋಡುತ್ತೇನೆ ಅಂದೆ. ನೋಡಿದರೆ ಏನು ಕಾಣುತ್ತದೆ ಎಂದು ಕೇಳಿದರು.

ಚೆಕ್‌ಪೋಸ್ಟಿನಲ್ಲಿ ನಡೆದದ್ದು ನಿನಗೆ ಸರಿಯಾಗಿ ತಿಳಿದಿರಲಿ. ಪಾಸ್‌ಪೋರ್ಟ್ ಕೇಳಿದರು, ಕೊಟ್ಟೆ. ಲ್ಯಾಪ್‌ಟಾಪ್ ಕೇಳಿದರು, ಕೊಟ್ಟೆ. ಕೊರಳಿನದನ್ನು ತೆಗೆ ಅಂದಾಗ ಮುಷ್ಟಿ ಬಿಗಿ ಹಿಡಿದೆ. ಲಿಂಗವನ್ನು ಪರರ ಕೈಗೆ ಕೊಡಬಾರದು ಎಂದು ಅವ್ವ ಹೇಳುತ್ತಿದ್ದುದು ಮೈಯಲ್ಲೇ ಕೂತಿತ್ತು, ಯೋಚನೆ ಮಾಡಲೂ ಹೊತ್ತಿರಲಿಲ್ಲ. ಸಿಪಾಯಿ ಬಂದೂಕಿನ ಹಿಂಬದಿಯಿಂದ ನನ್ನ ಮುಷ್ಟಿಗೆ ಹೊಡೆಯಲು ಎತ್ತಿದ. ಆಗ ಯೂನುಸ್ ನಡುವೆ ಬಂದ. ಅವನು ಗಲ್ಫಿನಲ್ಲಿ ನಮ್ಮವರ ಜೊತೆ ದುಡಿದವನು, ಹಿಂದಿ ಬರುತ್ತದೆ, ಲಿಂಗದ ವಿಷಯ ದಾರಿಯಲ್ಲಿ ಕೇಳಿ ತಿಳಿದುಕೊಂಡಿದ್ದ. ಅದು ಇವನ ದೇವರು, ಮುಟ್ಟಬೇಡಿ ಎಂದು ತಮ್ಮ ಭಾಷೆಯಲ್ಲಿ ಹೇಳಿ ಸಿಪಾಯಿಯ ತೋಳು ಹಿಡಿದ. ಅವನು ಮಾಡಿದ್ದು ಅಷ್ಟೇ.

ನನಗೆ ಹತ್ತು ವರ್ಷ. ಯೂನುಸ್ ಈ ದೇಶದವನೇ ಆದ್ದರಿಂದ, ಯುದ್ಧಕಾಲದಲ್ಲಿ ಸಿಪಾಯಿಯ ಮೇಲೆ ಕೈ ಮಾಡಿ ಗೂಢಚಾರನಿಗೆ ನೆರವಾದ ಎಂದು ಗಲ್ಲು. ತೀರ್ಪನ್ನು ಇಬ್ಬರಿಗೂ ಬೇರೆ ಬೇರೆ ಓದಿದರು, ಹೊರಗೆ ಬಂದಾಗ ಅವನು ನನ್ನ ಕಡೆ ತಿರುಗಿ, ನಿಮಗೆಷ್ಟು ಎಂದು ಕೇಳಿದ.

ನಿನ್ನ ತಮ್ಮ,
ಮಹೇಶ


ಫೊಯರ್‌ಬಾಕ್
೧೩ ಏಪ್ರಿಲ್ ೨೦೨೫

ತಮ್ಮಾ,

ನಿನ್ನ ಪತ್ರದ ಕೆಳಗಡೆ, ಸಹಿಯ ಆಚೆ, ಮೂರು ಸಾಲಿಗೆ ಮಸಿ ಬಳಿದಿದ್ದಾರೆ. ಕಿಟಕಿಗೆ ಹಿಡಿದೆ, ಟಾರ್ಚ್ ಹಚ್ಚಿದೆ, ಹಿಂದಿನಿಂದ ಬೆರಳಾಡಿಸಿದೆ. ಏನು ಬರೆದಿದ್ದೆ? ಹೊಡೆದರು ಅಂತಲೋ? ಜ್ವರ ಅಂತಲೋ? ನಮ್ಮ ಮನೆಯವರು, "ನಿಮಗೆಲ್ಲ ನಮಸ್ಕಾರ ಅಂತ ಬರ್ದಿರ್ತಾನ, ಬಿಡು" ಅಂದರು. ಸಮಾಧಾನಕ್ಕೆ ಅಂದದ್ದು ಎಂದು ಗೊತ್ತಾಗಿ ಅವರ ಮೇಲೆ ಹರಿಹಾಯ್ದೆ. ಪಾಪ, ಡಬ್ಬಿ ಹಿಡಿದು ಶಿಫ್ಟಿಗೆ ಹೋದರು.

ನನ್ನ ತಲೆ ನನ್ನ ಹತ್ತಿರ ಇಲ್ಲ. ಮೆಟ್ಟಿಲು ಗುಡಿಸಿ ಒರೆಸುವ ಕೇರ್‌ವೊಖೆ ಈ ವಾರ ನಮ್ಮ ಪಾಳಿ. ಬಾಗಿಲಿಗೆ ಬೋರ್ಡು ತೂಗುಹಾಕಿದ್ದರೂ ಮರೆತೆ. ಕೆಳಗಿನ ಮನೆಯ ಅಜ್ಜಿ ಬಂದು ಬೆಲ್ ಒತ್ತಿ ಬೋರ್ಡಿನ ಕಡೆ ಬೆರಳು ತೋರಿಸಿದಳು. ನನಗೆಲ್ಲಿತ್ತೋ ಸಿಟ್ಟು, "ನನ್ನ ತಮ್ಮನ ಜೀವ ಅಲ್ಲಿ ತೂಗ್ತದ, ನಿನಗ ಮೆಟ್ಟಲ ಚಿಂತಿ" ಎಂದು ಕನ್ನಡದಲ್ಲೇ ಒದರಿದೆ. ಅವ್ವಾ ಎನ್ನುತ್ತ ಪವಿ ಓಡಿ ಬಂದು ಜರ್ಮನಿನಲ್ಲಿ ಏನೋ ಹೇಳಿದಳು. ಅಜ್ಜಿ ಕೆಳಗಿಳಿದು, ಬಕೆಟ್ ತಂದು, ನಮ್ಮ ಪಾಳಿಯ ಮೆಟ್ಟಿಲನ್ನು ತಾನೇ ಒರೆಸಿದಳು. ನಾಚಿಕೆಯಿಂದ ನನಗೆ ಬಾಗಿಲು ತೆರೆಯಲೂ ಆಗಲಿಲ್ಲ.

ಈಗ ಒಳ್ಳೆ ಸುದ್ದಿ. ಹೈಕೋರ್ಟು ನಮ್ಮ ಅರ್ಜಿ ಒಳಗೆ ತೆಗೆದುಕೊಂಡಿದೆ. ಇಬ್ಬರದೂ ಒಂದೇ ಕೇಸಾದ್ದರಿಂದ, ಅರ್ಜಿ ಮುಗಿಯುವವರೆಗೆ ಯೂನುಸನನ್ನು ಗಲ್ಲಿಗೇರಿಸಬಾರದು ಎಂದು ತಡೆಯಾಜ್ಞೆ ಕೊಟ್ಟಿದೆ. ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾದ ಇನ್ನೂ ಹಲವು ಮನೆಯವರು ನಮ್ಮ ಅರ್ಜಿಯ ಬಾಲ ಹಿಡಿದಿದ್ದಾರೆ. ಒಬ್ಬ ಮೇಷ್ಟರು, ಒಬ್ಬಳು ನರ್ಸು, ರೊಟ್ಟಿ ಅಂಗಡಿಯವನೊಬ್ಬ. ತಾವಾಗಿ ಕೇಳುವ ಹಕ್ಕು ಅವರಿಗಿಲ್ಲವಲ್ಲ. ಈ ಅರ್ಜಿ ನಿಂತಿರುವವರೆಗೆ ಅವರೂ ನಿಂತಿರುತ್ತಾರೆ ಎಂದು ಸಲ್ಮಾ ವಕೀಲರು ಹೇಳಿದರು.

ಯೂನುಸನ ತಾಯಿಯನ್ನು ಸಲ್ಮಾ ಫೋನಿಗೆ ಕರೆತಂದಿದ್ದರು. ಆಕೆ ಒಂದು ಮಾತು ಹೇಳುವುದು, ಸಲ್ಮಾ ಇಂಗ್ಲಿಷಿನಲ್ಲಿ ಅದನ್ನು ನನಗೆ ದಾಟಿಸುವುದು. ವಾರಕ್ಕೊಮ್ಮೆ ಮಗನಿಗೆ ಬುತ್ತಿ ಒಯ್ಯುತ್ತಾಳಂತೆ, ಇನ್ನು ಮುಂದೆ ಇಬ್ಬರಿಗೂ ಒಯ್ಯುತ್ತಾಳಂತೆ. "ನಿನ್ನ ತಮ್ಮನ ಊಟ ನಾನು ನೋಡ್ತೀನಿ, ನನ್ನ ಮಗನ ಕೇಸು ನೀನು ನೋಡು" ಅಂದಳು. ನಾನು ಹೂಂ ಅಂದೆ. ಭಾಷೆ ಬಾರದಿದ್ದರೂ ಆಕೆಗೆ ಹೂಂ ಅಂದದ್ದು ತಿಳಿಯಿತು.

ನಿನ್ನ ಅಕ್ಕ,
ಸಿದ್ದಕ್ಕ


ಸೇನಾ ಬಂದೀಖಾನೆ
೧೮ ಮೇ ೨೦೨೫

ಅಕ್ಕಾ,

ಬುತ್ತಿ ಬರುತ್ತಿದೆ. ಕಾವಲಿನವರು ಅರ್ಧ ತಿಂದು ಕೊಡುತ್ತಾರೆ, ಆದರೂ ಬರುತ್ತಿದೆ. ಮಾಂಸ ತಿನ್ನದವನು ಎಂದು ನನ್ನದನ್ನು ಬೇರೆ ಕಟ್ಟುತ್ತಾರೆ. ಅವರಿಗೆ ಇದನ್ನು ಯಾರು ಹೇಳಿದರೋ ಗೊತ್ತಿಲ್ಲ, ಯೂನುಸನೇ ಇರಬೇಕು.

ಅವನು ಪಕ್ಕದ ಕೋಣೆಯಲ್ಲಿದ್ದಾನೆ. ಗೋಡೆಯ ಮೇಲ್ಗಡೆ ಗಾಳಿಗೆ ಬಿಟ್ಟ ಕಿಂಡಿ ಇದೆ, ಅದರಲ್ಲಿ ಮಾತಾಡುತ್ತೇವೆ. ಮೊನ್ನೆ, "ಸಾಬ್, ನಿಮ್ಮನ್ನು ಗಡಿ ಮುಟ್ಟಿಸ್ತೀನಿ ಅಂತ ಬಾಡಿಗೆ ಪೂರ್ತಿ ಮುಂಚೆನೇ ಈಸ್ಕೊಂಡಿದ್ದೆ, ಕೆಲಸ ಇನ್ನೂ ಬಾಕಿ ಅದೆ" ಅಂದ. ನಾನು ನಕ್ಕೆ. ನಕ್ಕದ್ದಕ್ಕೆ ಕಾವಲಿನವನು ಬಾಗಿಲು ಒದ್ದ. ಯೂನುಸನಿಗೆ ಇಬ್ಬರು ಹೆಣ್ಣುಮಕ್ಕಳು, ಸಣ್ಣದು ಇನ್ನೂ ಅವನನ್ನು ನೋಡಿಲ್ಲ, ಅವನನ್ನು ಹಿಡಿದ ಮೇಲೆ ಹುಟ್ಟಿದ್ದು.

ಕೋರ್ಟಿನಲ್ಲಿ ಏನು ನಡೆಯಿತು, ಬರೆ. ಇಲ್ಲಿ ಸಾಲಾಗಿ ಎಲ್ಲ ಕೋಣೆಯವರೂ ನನ್ನನ್ನೇ ಕೇಳುತ್ತಾರೆ. ಸಿದ್ದಕ್ಕ ಎಂಬ ಹೆಸರು ಇಲ್ಲಿ ಎಲ್ಲರ ಬಾಯಲ್ಲಿದೆ, ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ನಿನ್ನ ತಮ್ಮ,
ಮಹೇಶ


ಫೊಯರ್‌ಬಾಕ್
೨೨ ಜೂನ್ ೨೦೨೫

ಮಹೇಶ,

ಕೋರ್ಟಿನಲ್ಲಿ ಏನೂ ನಡೆಯುತ್ತಿಲ್ಲ. ಒಮ್ಮೆ ಸರ್ಕಾರಿ ವಕೀಲ ಬರಲಿಲ್ಲ, ಒಮ್ಮೆ ನ್ಯಾಯಾಧೀಶರಲ್ಲಿ ಒಬ್ಬರನ್ನು ಬದಲಾಯಿಸಿದರು, ಒಮ್ಮೆ ವಿಮಾನದಾಳಿಯ ಸೈರನ್ ಆಗಿ ಎಲ್ಲರೂ ನೆಲಮಾಳಿಗೆಗೆ ಇಳಿದರು. ಗೆಲ್ಲುತ್ತೇವಾ ಎಂದು ಸಲ್ಮಾ ಅವರನ್ನು ಕೇಳಿದೆ. ಅಡ್ಡಗೋಡೆಯ ಮೇಲೆ ದೀಪ ಇಡದೆ ನೇರವಾಗಿ ಹೇಳಿದರು. ವಾದ ಸರಿಯಾಗಿದೆ, ಆದರೆ ಯುದ್ಧ ನಡೆದಿರುವಾಗ ಸೈನ್ಯಕ್ಕೆ ಇಲ್ಲ ಎನ್ನುವ ಧೈರ್ಯ ಆ ನ್ಯಾಯಾಧೀಶರಿಗೆ ಇದೆಯೋ ಇಲ್ಲವೋ ತನಗೆ ಗೊತ್ತಿಲ್ಲ ಅಂದರು.

ಈಗ ನಾನು ಬರೆಯುವುದನ್ನು ಕೂತು ಓದು. ಅಲ್ಲಿಯ ಸರ್ಕಾರ ಎಂಬಸಿಯ ಮೂಲಕ ಹೇಳಿ ಕಳಿಸಿದೆ. ಅರ್ಜಿ ಹಿಂತೆಗೆದುಕೊಂಡರೆ, ಸೇನಾ ನ್ಯಾಯಾಲಯಕ್ಕೆ ನಿನ್ನನ್ನು ವಿಚಾರಿಸುವ ಅಧಿಕಾರ ಇತ್ತೆಂದು ಒಪ್ಪಿ ಬರೆದುಕೊಟ್ಟರೆ, ನಿನಗೆ ಕ್ಷಮಾದಾನ. ನಿನ್ನನ್ನು ನೆಟ್ಟಗೆ ಸ್ಟುಟ್‌ಗಾರ್ಟಿಗೆ ಕಳಿಸುತ್ತಾರೆ. ಅರ್ಜಿ ಬಿದ್ದರೆ ತಡೆಯಾಜ್ಞೆಯೂ ಬೀಳುತ್ತದೆ. ಅದು ನನಗೂ ಗೊತ್ತು, ನಿನಗೂ ಗೊತ್ತು. ಬಿಡಿಸಿ ಬರೆಯುವ ಶಕ್ತಿ ನನಗಿಲ್ಲ.

ಹೇಗೂ ಸೋಲುವ ಅರ್ಜಿಯಾದರೆ ನೀನೊಬ್ಬನಾದರೂ ಬಾ. ಇಬ್ಬರೂ ಹೋಗುವುದಕ್ಕಿಂತ ಒಬ್ಬನಾದರೂ ಉಳಿಯಲಿ. ಇದು ಪಾಪದ ಲೆಕ್ಕ ಅಂದರೆ ಆ ಪಾಪ ನನಗಿರಲಿ. ಬೈಲಹೊಂಗಲದ ಆಸ್ಪತ್ರೆಯಲ್ಲಿ ಅವ್ವ ನಿನ್ನ ಕೈಯನ್ನು ನನ್ನ ಕೈಯಲ್ಲಿಟ್ಟಾಗ ನಿನಗೆ ಆರು ವರ್ಷ. ಆ ಕೈ ಬಿಡು ಎಂದು ನನಗೆ ಯಾವ ಕೋರ್ಟೂ ಹೇಳಬಾರದು, ನೀನೂ ಹೇಳಬಾರದು. ನಿನ್ನ ಕಾಲು ಹಿಡಿಯುತ್ತೇನೆ, ಒಂದೇ ಶಬ್ದ ಬರೆ, ಹೂಂ ಅಂತ.

ಸಿದ್ದಕ್ಕ


ಸೇನಾ ಬಂದೀಖಾನೆ
೨೦ ಜುಲೈ ೨೦೨೫

ಅಕ್ಕಾ,

ಬೇಡ.

ಕ್ಷಮಾದಾನದ ಸುದ್ದಿ ಇಲ್ಲಿಯ ಕಾವಲಿನವರಿಗೂ ಗೊತ್ತಾಗಿ ಯೂನುಸನ ಕಿವಿಗೆ ಬಿದ್ದಿದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಮರುದಿನ ಕಿಂಡಿಯಲ್ಲಿ, "ಹೋಗಿಬಿಡಿ ಸಾಬ್. ನಾನೇ ನಿಮ್ಮ ಜಾಗದಲ್ಲಿದ್ದಿದ್ದರೆ ಹೋಗ್ತಿದ್ದೆ" ಅಂದ. ಹೇಳುವಾಗ ಅವನ ಧ್ವನಿ ಸರಿ ಇರಲಿಲ್ಲ. ಅವನಿಗೆ ಸಾಯಲು ಮನಸ್ಸಿಲ್ಲ ಅಕ್ಕಾ. ಯಾರಿಗಿರುತ್ತದೆ? ನನಗೂ ಇಲ್ಲಿರಲು ಮನಸ್ಸಿಲ್ಲ. ಫೊಯರ್‌ಬಾಕಿನ ನಮ್ಮ ಮನೆಯ ಬಿಸಿನೀರಿನ ಸ್ನಾನ ನೆನೆದು ದೊಡ್ಡವನೆಂಬುದನ್ನು ಮರೆತು ಅಳುತ್ತೇನೆ.

ಆದರೆ ಅವನು ನನ್ನ ಮುಷ್ಟಿ ಉಳಿಸಲು ಕೈ ಚಾಚಿದವನು. ಅವನ ಕೊರಳಿನ ಮೇಲೆ ಕಾಲಿಟ್ಟು ದಾಟಿ ಬಂದು ನಾನು ಪವಿಗೆ ಏನು ಕಥೆ ಹೇಳಲಿ? ಆ ಅರ್ಜಿ ಈಗ ನನ್ನದಲ್ಲ, ಈ ಸಾಲಿನಲ್ಲಿರುವ ಎಲ್ಲರದು. ಸೋತರೆ ಎಲ್ಲರೂ ಸೋಲೋಣ. ನನ್ನ ಹೆಸರಿನಲ್ಲಿ ಎಲ್ಲೂ ಒಪ್ಪಿ ಬರೆಯಬೇಡ. ಇದೊಂದು ಮಾತು ನಡೆಸಿಕೊಡು, ಇನ್ನೇನೂ ಕೇಳುವುದಿಲ್ಲ.

ನಿನ್ನ ತಮ್ಮ,
ಮಹೇಶ


ಫೊಯರ್‌ಬಾಕ್
೧೦ ಆಗಸ್ಟ್ ೨೦೨೫

ತಮ್ಮಾ,

ನಿನ್ನ ಪತ್ರ ಓದಿದೆ. ನೀನು ಬರೆದದ್ದು ತಿಳಿಯಿತು.

ಇಲ್ಲಿ ಬಿಸಿಲು ಜಾಸ್ತಿ. ಪವಿಗೆ ಶಾಲೆ ರಜೆ. ನಿನ್ನ ಕೋಣೆಯ ಪರದೆ ಒಗೆದು ಹಾಕಿದೆ. ನಿನ್ನ ದಪ್ಪ ಜಾಕೆಟ್ಟಿನ ಜಿಪ್ಪು ಹೋಗಿತ್ತು, ರಿಪೇರಿಗೆ ಕೊಟ್ಟೆ. ಚಳಿಗಾಲಕ್ಕೆ ಬೇಕಾಗುತ್ತದೆ.

ಊಟ ಬಿಡಬೇಡ.

ಅಕ್ಕ


ಫೊಯರ್‌ಬಾಕ್
೨೮ ಸೆಪ್ಟೆಂಬರ್ ೨೦೨೫

ಮಹೇಶ,

ನಡುವೆ ಒಂದು ಬಾಗಿಲು ಇದೆ, ಆದರೂ ಪತ್ರ ಬರೆಯುತ್ತಿದ್ದೇನೆ. ನೀನು ಬಂದು ಎರಡು ವಾರದ ಮೇಲಾಯಿತು. ಏರ್‌ಪೋರ್ಟಿನಲ್ಲಿ ನನ್ನ ಕಾಲು ಮುಟ್ಟಿದೆ, ಎಸ್-ಬಾನ್ ರೈಲಿನಲ್ಲಿ ಕಿಟಕಿ ಕಡೆ ತಿರುಗಿ ಕೂತೆ, ಅವತ್ತಿನಿಂದ ನನ್ನ ಜೊತೆ ಒಂದು ಮಾತಿಲ್ಲ. ಬಾಗಿಲ ಹೊರಗಿಟ್ಟ ತಟ್ಟೆ ಖಾಲಿಯಾಗಿ ಬರುತ್ತದೆ, ಅಷ್ಟಕ್ಕೆ ನಾನು ಸುಖಪಡಬೇಕು. ಪವಿ ಜರ್ಮನಿನಲ್ಲಿ, ಮಾಮಾ ನಮ್ಮ ಜೊತೆ ಯಾಕೆ ಉಣ್ಣುವುದಿಲ್ಲ ಎಂದು ಕೇಳುತ್ತಾಳೆ. ಹುಷಾರಿಲ್ಲ ಅಂದಿದ್ದೇನೆ.

ಹೌದು, ಸಹಿ ಮಾಡಿದೆ. ನಿನ್ನ 'ಬೇಡ' ಓದಿದ ಮೇಲೆಯೇ ಮಾಡಿದೆ. ಕ್ಷಮಾದಾನಕ್ಕೆ ಕೈದಿಯ ಒಪ್ಪಿಗೆ ಬೇಕಿಲ್ಲ, ಅರ್ಜಿದಾರಳ ಹೇಳಿಕೆ ಸಾಕು ಎಂದು ಎಂಬಸಿಯವರು ಹೇಳಿದಾಗ ನಾನು ಎರಡನೇ ಸಲ ಕೇಳಲಿಲ್ಲ. ಸಲ್ಮಾ ಅವರಿಗೆ ಫೋನ್ ಮಾಡಿ ತಿಳಿಸಿದೆ. ಅವರು, ನಿಮ್ಮ ಹಕ್ಕು ಅಂದರು.

ಇಲ್ಲಿಯ ನೋಟಾರ್ ಸಹಿಗೆ ಮೊದಲು ಕಾಗದವನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು, ಕಾಯಿದೆ ಹಾಗಿದೆ. ಆತ ಜರ್ಮನಿನಲ್ಲಿ ಓದಿದ, ದುಭಾಷಿ ಇಂಗ್ಲಿಷಿನಲ್ಲಿ ಹೇಳಿದಳು. 'ಸೇನಾ ನ್ಯಾಯಾಲಯಕ್ಕೆ ನನ್ನ ತಮ್ಮನನ್ನು ವಿಚಾರಿಸುವ ಅಧಿಕಾರ ಇತ್ತೆಂದು ಒಪ್ಪುತ್ತೇನೆ. ಅರ್ಜಿಯನ್ನೂ ಅದರಿಂದ ದೊರೆತ ಎಲ್ಲ ತಡೆಯಾಜ್ಞೆಗಳನ್ನೂ ಬಿಟ್ಟುಕೊಡುತ್ತೇನೆ.' ಅಲ್ಲಿಗೆ ಆತ ತಲೆ ಎತ್ತಿ, ಇದರ ಪರಿಣಾಮ ಏನೆಂದು ನಿಮಗೆ ತಿಳಿದಿದೆಯೇ ಎಂದು ಕೇಳಿದ. "ತಿಳದೈತ್ರೀ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಇಬ್ಬರೂ ಕಾದರು. ಮತ್ತೆ ಇಂಗ್ಲಿಷಿನಲ್ಲಿ ಅಂದೆ. ಓದದೆ ಸಹಿ ಮಾಡಿದೆ, ತಿಳಿಯದೆ ಸಹಿ ಮಾಡಿದೆ ಎಂದು ಹೇಳಿಕೊಳ್ಳಲು ಆತ ನನಗೆ ದಾರಿಯನ್ನೇ ಇಡಲಿಲ್ಲ.

ಆ ತಾಯಿಗೆ ಹೂಂ ಅಂದಿದ್ದೆ. ಅದೇ ಬಾಯಲ್ಲಿ ಇದನ್ನೂ ಅಂದೆ. ಆಕೆಯ ಶಾಪ ತಟ್ಟಲಿ, ನನಗೆ ತಟ್ಟಲಿ, ನಿನಗೆ ಬೇಡ. ನಾಳೆ ಮತ್ತೆ ಅದೇ ಕಾಗದ ಮುಂದಿಟ್ಟರೆ ಮತ್ತೆ ಸಹಿ ಮಾಡುತ್ತೇನೆ. ಬೇರೆ ಹೇಳಿದರೆ ಸುಳ್ಳಾಗುತ್ತದೆ. ಯೂನುಸನ ತಡೆಯಾಜ್ಞೆ ಬಿದ್ದಿದೆ, ದಿನ ಇನ್ನೂ ಗೊತ್ತು ಮಾಡಿಲ್ಲ. ನೀನು ದಿನವಿಡೀ ಫೋನ್ ಹಿಡಿದು ಕೂತಿರುವುದು ಅದಕ್ಕೇ ಎಂದು ನನಗೆ ಗೊತ್ತು. ಅದು ರಿಂಗಾದಾಗಲೆಲ್ಲ ನಾನೂ ಬಾಗಿಲಿಗೆ ಕಿವಿ ಕೊಡುತ್ತೇನೆ.

ಬೈಯಬೇಕಾದರೆ ಬೈ. ಅಕ್ಕ ಅಲ್ಲ, ವೈರಿ ಅನ್ನು. ತಟ್ಟೆ ಎಸೆ. ಆದರೆ ಬಾಗಿಲು ತೆಗೆದು ಎದುರಿಗೆ ನಿಂತು ಅನ್ನು, ಮಹೇಶ. ಗೋಡೆಯ ಆಚೆಯ ಯೂನುಸನ ಜೊತೆ ಮಾತಾಡಿದವನು ನೀನು. ನಾನೂ ಗೋಡೆಯ ಈಚೆಯೇ ಇದ್ದೇನೆ.

ನಿನ್ನ ಅಕ್ಕ,
ಸಿದ್ದಕ್ಕ


ಡ್ಯೂಸೆಲ್ಡಾರ್ಫ್
೧೬ ನವೆಂಬರ್ ೨೦೨೫

ಅಕ್ಕಾ,

ಹೇಳದೆ ಬಂದದ್ದಕ್ಕೆ ಪವಿಯ ಹತ್ತಿರ ನನ್ನ ಪರವಾಗಿ ಮಾತಾಡು. ಇಲ್ಲಿ ಕೋಣೆ ಸಿಕ್ಕಿದೆ, ವಿಳಾಸ ನೋಂದಾಯಿಸುವ ಅನ್‌ಮೆಲ್ಡುಂಗ್ ಆಗಿದೆ, ಕೆಲಸವೂ ಸಿಗುವ ಹಾಗಿದೆ. ಪಂಪಿನ ಕೆಲಸ ಅಲ್ಲ.

ಮಂಗಳವಾರ ಬೆಳಗಿನ ಜಾವ ಯೂನುಸನನ್ನು ಗಲ್ಲಿಗೇರಿಸಿದರು. ಮೇಷ್ಟರ ಶಿಕ್ಷೆಯೂ ನರ್ಸಿನ ಶಿಕ್ಷೆಯೂ ಕಾಯಂ ಆಗಿವೆ. ಸೇನಾ ನ್ಯಾಯಾಲಯಕ್ಕೆ ಅಧಿಕಾರವಿದೆ ಎಂದು ಅರ್ಜಿದಾರಳೇ ಒಪ್ಪಿದ್ದಾಳೆ ಎಂದು ಆದೇಶದಲ್ಲಿ ಬರೆದಿದ್ದಾರಂತೆ. ಇದನ್ನೆಲ್ಲ ಸಲ್ಮಾ ಫೋನಿನಲ್ಲಿ ಹೇಳಿದರು. ನಿನಗೆ ಹೇಳುವುದು ಬೇಡ ಅಂದುಕೊಂಡಿದ್ದೆ. ಎಷ್ಟೇ ಸಿಟ್ಟಿದ್ದರೂ ಈ ಸುದ್ದಿಯಿಂದ ನಿನ್ನನ್ನು ಹೊಡೆಯುವ ಮನಸ್ಸು ನನಗಿಲ್ಲ.

ಆದರೆ ಸಲ್ಮಾ ಅವರ ಪಕ್ಕದಲ್ಲಿ ಯೂನುಸನ ತಾಯಿ ಕೂತಿದ್ದರು. ಫೋನ್ ಈಸಿಕೊಂಡರು. ಅವರು ಹೇಳಿದ್ದನ್ನು ಸಲ್ಮಾ ನನಗೆ ಇಂಗ್ಲಿಷಿನಲ್ಲಿ ದಾಟಿಸಿದರು. ಆಕೆ ನಿನಗೊಂದು ಮಾತು ಹೇಳಿ ಕಳಿಸಿದ್ದಾರೆ. ಅದು ನಿನಗೆ ಸೇರಬೇಕಾದದ್ದು, ನಾನು ಇಟ್ಟುಕೊಳ್ಳುವ ಹಾಗಿಲ್ಲ, ಅದಕ್ಕೇ ಈ ಪತ್ರ. "ನಿನ್ನ ಅಕ್ಕನಿಗೆ ಹೇಳು, ನನ್ನ ಮಗ ಬರ್ತಿದ್ದ ಅಂದ್ರೆ ನಾನೂ ಸಹಿ ಮಾಡ್ತಿದ್ದೆ. ನಿನ್ನ ತಲೆಯನ್ನೇ ಕೊಟ್ಟಾದರೂ ಮಾಡ್ತಿದ್ದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ."

ಆಕೆ ನಿನ್ನನ್ನು ಕ್ಷಮಿಸಿದ್ದಾರೆ. ನನ್ನಿಂದ ಆಗುತ್ತಿಲ್ಲ.

ಮಹೇಶಕುಮಾರ